ಬೀಸುಕಲ್ಲಿನ ಬದಲಿಗೆ ಬಂದ ಸ್ಪೀಕರು

ಮೊನ್ನೆ ಪಲ್ಯಕ್ಕೆ ಉಳ್ಳಾಗಡ್ಡಿ ಬೇಕಾಗಿ ಪೆಟ್ಟಿಗೆಯೊಳಗೆ ಕೈ ಹಾಕಿದೆ. ತಳದಲ್ಲಿ ಎಲ್ಲೋ ಒಂದು ಕೊಳೆತಿತ್ತು. ಅದನ್ನು ಹುಡುಕಲು ತಲೆಯನ್ನೇ ಒಳಗೆ ತೂರಿಸಿದಾಗ ಉಳ್ಳಾಗಡ್ಡಿಯ ನಾತದ ಹಿಂದೆ ಇನ್ನೊಂದು ವಾಸನೆ ಮೂಗಿಗೆ ಬಂತು. ಕಾದ ಧೂಳು, ಹಳೆಯ ಬೇವಿನ ಕಟ್ಟಿಗೆ, ಒಂದಿಷ್ಟು ಬೆಸುಗೆಯ ವಾಸನೆ. ಇಷ್ಟು ವರ್ಷ ಉಳ್ಳಾಗಡ್ಡಿ ತುಂಬಿದರೂ ಅದು ಹೋಗಿಲ್ಲ.

ಆ ಪೆಟ್ಟಿಗೆಯ ಮುಂಬದಿಗೆ ಊಟದ ತಾಟಿನಷ್ಟು ದೊಡ್ಡ ಗುಂಡನೆಯ ತೂತು ಇದೆ. ತೂತಿಗೆ ಒಳಗಿನಿಂದ ಹಿಟ್ಟಿನ ಸಾಣಿಗೆಯ ಜಾಳಿಗೆ ಬಡಿದಿದೆ. ಬಂದವರು, ಉಳ್ಳಾಗಡ್ಡಿ ಇಡುವ ಪೆಟ್ಟಿಗೆಗೆ ಇದೇಕೆ ಎಂದು ಕೇಳುತ್ತಾರೆ. ಗಾಳಿಯಾಡಲಿ ಅಂತ ಎಂದು ಹೇಳಿ ಕಳಿಸುತ್ತೇನೆ. ಎಲ್ಲರಿಗೂ ಎಲ್ಲ ಹೇಳುತ್ತ ಕೂರಲು ನನಗೆ ಪುರುಸೊತ್ತಿಲ್ಲ. ಇವತ್ತು ಮಳೆ ಹಿಡಿದಿದೆ, ಹೊಲಕ್ಕೆ ಕಾಲಿಡುವಂತಿಲ್ಲ. ಅದಕ್ಕೆ ಬರೆಯಲು ಕೂತೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಮಾತು ದುಂಡಗಿಲ್ಲ ಅನಿಸಿದರೆ ಅದಕ್ಕೆ ನಾನೇನೂ ಮಾಡುವಂತಿಲ್ಲ.

ಇದು ಎಪ್ಪತ್ತನೆಯ ಇಸವಿಯ ಈಚೆಗಿನ ಒಂದು ಮುಂಗಾರಿನ ಮಾತು. ಕಾರ ಹುಣ್ಣಿಮೆಯಿಂದ ಶ್ರಾವಣದ ಮೊದಲ ಸೋಮವಾರದವರೆಗೆ, ಅಷ್ಟೇ. ಆಗ ನಾವು ಇಂಡಿ ಪಟ್ಟಣದ ಹತ್ತಿರ ಸಾಲೋಟಗಿಯಲ್ಲಿದ್ದೆವು. ಮನೆಯಲ್ಲಿ ದೊಡ್ಡವರೆಂದರೆ ನಾನು, ನನ್ನ ಗಂಡ, ನಮ್ಮ ಮಾವ ಮಲ್ಲಪ್ಪ. ಅತ್ತೆ ತೀರಿಕೊಂಡಿದ್ದರು. ಮಕ್ಕಳಿಬ್ಬರು ಸಣ್ಣವರು.

ಮಾವ ಊರ ಮಠದ ಭಜನೆಯಲ್ಲಿ ಪದ ಎತ್ತುವವರು. ನಮ್ಮಲ್ಲಿ ಶ್ರಾವಣದ ಮೊದಲ ಸೋಮವಾರ ಮಠದಲ್ಲಿ ಭಜನೆ ಶುರುವಾದರೆ ತಿಂಗಳಿಡೀ ನಡೆಯುತ್ತದೆ. ಆ ಮೊದಲ ಪದವನ್ನು ಒಬ್ಬರೇ ಎತ್ತಿಕೊಡಬೇಕು, ಉಳಿದವರು ಹಿಂದೆ ಹಿಡಿಯಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಅದು ಮಾವನ ಜಾಗ. ಅವರ ದನಿ ದಪ್ಪ, ಕೆಳಗಿನದು. ಹಾಡು ಚಂದವೋ ಇಲ್ಲವೋ ನನಗೆ ತಿಳಿಯದು, ಆದರೆ ಊರು ಸುಮ್ಮನೆ ಕೂತು ಕೇಳುತ್ತಿತ್ತು.

ಅವರ ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಹಕ್ಕಿಪಕ್ಕಿ ಕೂಗುವುದು ಕೇಳದಾಯಿತು, ಆಮೇಲೆ ಹೆಂಗಸರ ಮಾತು, ಆಮೇಲೆ ಹಾರ್ಮೋನಿಯಂ. ನಾನು ಊಟಕ್ಕೆ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಗುಟುರು ಹಾಕಿದರೆ ಮಾತ್ರ ಎದ್ದು ಹೋಗಿ ನೋಡುತ್ತಿದ್ದರು. ಬೇಕಂತಲೇ ನನ್ನ ಮಾತು ಬಿಡುತ್ತಾರೆ ಎಂದೇ ನಾನು ತಿಳಿದಿದ್ದೆ.

ಹಿಂದಿನ ವರ್ಷದ ಶ್ರಾವಣದಲ್ಲಿ ಮಾವ ಪದ ಎತ್ತಿದರು. ಹಾರ್ಮೋನಿಯಂ ಒಂದು ಕಡೆ, ಮಾವ ಇನ್ನೊಂದು ಕಡೆ. ಹಾರ್ಮೋನಿಯಂ ಬಾರಿಸುವ ಚನ್ನಬಸಪ್ಪ ಮಾವನಿಗಿಂತ ಸ್ವಲ್ಪ ಸಣ್ಣವರು, ಅಣ್ಣಾ ಅಣ್ಣಾ ಎಂದು ಜೊತೆಗೇ ಬೆಳೆದವರು. ಅವರ ಬೆರಳು ಮಾವನ ಸ್ವರ ಹುಡುಕುತ್ತ ಹಾರ್ಮೋನಿಯಂನ ಆ ಸ್ವರದ ಮನೆ ಈ ಸ್ವರದ ಮನೆ ಓಡಾಡಿತು. ಕೊನೆಗೆ ಸೋತು ಗಾಳಿ ಊದುವ ಬಾತಿ ಮುಚ್ಚಿದರು. ಹಿಂದೆ ಕೂತ ಪೋರರು ಕಿಸಕ್ಕೆಂದರು. ಮಾವನಿಗೆ ನಗು ಕೇಳಲಿಲ್ಲ, ಆದರೆ ಬೆರಳು ನಿಂತದ್ದು ಕಂಡಿತು. ಅರ್ಧಕ್ಕೆ ಎದ್ದು ಬಂದವರು ಮತ್ತೆ ಮಠದ ಕಡೆ ಹೋಗಲಿಲ್ಲ. ಇಡೀ ವರ್ಷ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತರು. ಮನೆಯಲ್ಲಿ ಹಗಲೆಲ್ಲ ಒಬ್ಬ ಗಂಡಸು ಸುಮ್ಮನೆ ಕೂತರೆ ಹೆಂಗಸಿಗೆ ಏನಾಗುತ್ತದೆ ಎಂದು ಬರೆಯಬೇಕಾಗಿಲ್ಲ.

ಅವರ ಹಟ ಬೇರೆ. ಮಗ ಹೊರಸು ತಂದುಕೊಟ್ಟರೆ ಅದರ ಮೇಲೆ ಮಲಗಲಿಲ್ಲ, ನೆಲವೇ ಬೇಕು. ಊರ ಅಗಸಿ ಬಾಗಿಲ ಹತ್ತಿರ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದವು, ನೆರೆಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಹೋಗುತ್ತಿದ್ದರು. ನಾನು ಮಾತ್ರ ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಮುಂದೆ ಕೂರಬೇಕಿತ್ತು.

“ಗಿರಣಿ ಹಿಟ್ಟಿನ ರೊಟ್ಟಿ ನಾ ಮುಟ್ಟಾಂಗಿಲ್ಲ” ಎನ್ನುತ್ತಿದ್ದರು ಮಾವ.

“ನೀವು ಮುಟ್ಟಬ್ಯಾಡ್ರಿ. ಉಳದವರರ ತಿಂತೇವಿ” ಎಂದರೆ ಕೇಳಿಸಿದರೆ ತಾನೇ.

ಇನ್ನು ನನ್ನ ಗಂಡ. ನಮ್ಮವರು ಹರೆಯದಲ್ಲಿ ಸೋಲಾಪುರದ ಗಿರಣಿಯಲ್ಲಿ, ಅಂದರೆ ಬಟ್ಟೆಯ ಗಿರಣಿಯಲ್ಲಿ, ಕೆಲಸಕ್ಕಿದ್ದರು. ಅಲ್ಲಿ ಯಾವುದೋ ಆರ್ಕೆಸ್ಟ್ರಾದವರ ಸಂಗ ಹಿಡಿದು ಗಿಟಾರು ಕಲಿತರು. ನಿಂತು ಬಾರಿಸುವ ಗಿಟಾರಲ್ಲ. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಬಾರಿಸುವುದು. ಅತ್ತೆ ತೀರಿದ ಮೇಲೆ ಊರಿಗೆ ಬಂದು ಇಂಡಿಯ ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಹಿಡಿದರು. ಬರುವಾಗ ಗಿಟಾರು, ಅದರ ಜೊತೆ ಒಂದು ಸಣ್ಣ ಪೆಟ್ಟಿಗೆ ತಂದರು. ಪೆಟ್ಟಿಗೆಯೊಳಗೆ ಗಾಜಿನ ವಾಲ್ವುಗಳು, ಅಂಗೈಯಷ್ಟು ಸ್ಪೀಕರು. ಗುಂಡಿ ತಿರುವಿದರೆ ವಾಲ್ವು ನಿಧಾನಕ್ಕೆ ಕೆಂಪಗಾಗಿ ಆಮೇಲೆ ದನಿ ಬರುತ್ತಿತ್ತು. ಸಂಜೆ ಅಂಗಡಿಯಿಂದ ಬಂದು ಒಳಕೋಣೆಯಲ್ಲಿ ಮೆಲ್ಲಗೆ ಬಾರಿಸಿಕೊಳ್ಳುತ್ತಿದ್ದರು.

ಮಗ ತನ್ನ ಹಿಂದೆ ಮಠದಲ್ಲಿ ಕೂರಲಿಲ್ಲ ಎಂಬ ಸಿಟ್ಟು ಮಾವನಿಗೆ. ಗಿಟಾರು ಕಂಡ ಮೊದಲ ದಿನವೇ ಹೇಳಿದ್ದರು: “ತೊಡಿ ಮ್ಯಾಲೆ ಮಲಗಿಸಿ ಕೂಸಿಗೆ ಎಣ್ಣಿ ತಿಕ್ಕಿದಂಗ ತಿಕ್ಕಾಕತ್ತಾನಲ್ಲ, ಇದು ಎಂಥಾ ವಾದ್ಯ?” ಆಮೇಲೆ ಆ ಮಾತೇ ಎತ್ತಲಿಲ್ಲ. ಇವರೂ ಎತ್ತಲಿಲ್ಲ.

ಕಾರ ಹುಣ್ಣಿಮೆಯ ಮರುದಿನ, ಎತ್ತಿನ ಕೋಡಿನ ಬಣ್ಣ ಇನ್ನೂ ಆರಿರಲಿಲ್ಲ, ಚನ್ನಬಸಪ್ಪ ಮನೆಗೆ ಬಂದರು. ಮಾವನ ಎದುರು ಕೂತು ಬಾಯಿ ದೊಡ್ಡದಾಗಿ ತೆರೆದು ಹೇಳಿದರು:

“ಮಲ್ಲಪ್ಪಣ್ಣಾ, ಶ್ರಾವಣ ಬರಾಕತ್ತೈತಿ. ಪದಾ ನೀನ ಎತ್ತಬೇಕು.”

“ಬ್ಯಾರೆದವರಿಗೆ ಹೇಳು.”

“ಯಾರಿಗೆ ಹೇಳ್ಲಿ?”

“ಕಿವಿ ಇದ್ದವರಿಗೆ.”

ಚನ್ನಬಸಪ್ಪ ನನ್ನ ಕಡೆ ತಿರುಗಿದರು. “ಮೊದಲ ಸೋಮವಾರದ ತನಕ ಇವನ ಜಾಗಾ ಕಾಯ್ತೇನಿ, ನೀಲವ್ವ. ಅವತ್ತು ಬರಲಿಲ್ಲಂದ್ರ ತಾಳ ಹಿಡಿಯೋ ಶಿವಲಿಂಗನ ಕಡಿಂದ ಎತ್ತಸ್ತೇನಿ. ಒಮ್ಮೆ ಬಿಟ್ಟ ಜಾಗಾ ಮತ್ತ ಕೇಳಾಕ ಬರಾಂಗಿಲ್ಲ, ಇವನಿಗೂ ಗೊತ್ತೈತಿ.”

ಅವರು ಹೋದ ಮೇಲೆ ಮಾವ ಎರಡು ಹೊತ್ತು ಉಣ್ಣಲಿಲ್ಲ. ಬೇಡವೆಂದವರು ತಾವೇ. ಆದರೂ ಉಣ್ಣಲಿಲ್ಲ.

ನಮ್ಮವರು ಇದನ್ನೆಲ್ಲ ನೋಡಿದರು. ಆ ಸಂಜೆ ಗಿಟಾರಿನ ಸಣ್ಣ ಪೆಟ್ಟಿಗೆಯನ್ನು ಒಳಕೋಣೆಯಿಂದ ಪಡಸಾಲೆಗೆ ತಂದು ಮಾವನ ಕಿವಿಯ ಹತ್ತಿರ ಇಟ್ಟು ಒಂದು ತಂತಿ ಮಿಡಿದರು. ಅದನ್ನು ಕೇಳಿ ಸ್ವರ ಹಿಡಿಯಲಿ ಎಂದು ಅವರ ವಿಚಾರ. ಮಾವ ನೊಣ ಓಡಿಸುವಂತೆ ಕೈ ಬೀಸಿದರು. ಇವರು ಗುಂಡಿ ತಿರುವಿ ದನಿ ಏರಿಸಿದರು. ಇನ್ನೂ ಏರಿಸಿದರು. ಫರ್ರೆಂದು ಸ್ಪೀಕರಿನ ಕಾಗದ ಸೀಳಿತು.

“ಒಂಚೂರು ಜೋಳದ ಹಿಟ್ಟಿನ ಅಂಟು ಕುದಿಸಿ ಕೊಡು” ಎಂದರು. ಕುದಿಸಿ ಕೊಟ್ಟೆ. ನಮ್ಮ ಮನೆಗಳಲ್ಲಿ ಏನು ಹರಿದರೂ ಅದೇ ಅಂಟು. ಹಾಳೆಯ ಪಟ್ಟಿಗೆ ಬಳಿದು ಸ್ಪೀಕರಿಗೆ ನೀಟಾಗಿ ಮೆತ್ತಿದರು. ಸಾಲಿ ಮಾಸ್ತರರು ಗೋಡೆಗೆ ಅಂಟಿಸುವ ಪಟಕ್ಕಿಂತ ಚಂದ ಕೂತಿತ್ತು. ಮುಂಜಾನೆ ನೋಡಿದರೆ ಅಂಟೂ ಇಲ್ಲ, ಪಟ್ಟಿಯೂ ಇಲ್ಲ, ಸ್ಪೀಕರಿನ ಕಾಗದವೂ ಇಲ್ಲ. ಇಲಿಗಳು ಸುತ್ತಲಿನ ಕಬ್ಬಿಣದ ಬಳೆ, ನಡುವಿನ ತಂತಿಯ ಸುರುಳಿ ಮಾತ್ರ ಬಿಟ್ಟಿದ್ದವು.

“ಉಪ್ಪು ಹಾಕಿರಲಿಲ್ಲ. ಹಾಕಿದ್ರ ಬಳೀನೂ ತಿಂತಿದ್ವು” ಎಂದೆ. ಅವರಿಗೆ ನಗು ಬರಲಿಲ್ಲ.

ಆಮೇಲೆ ಅವರ ತಲೆಗೆ ಹೊಳೆದದ್ದು ಮದುವೆಯ ಮೈಕಿನ ತುತ್ತೂರಿಯಂಥ ಭೋಂಗಾ. ಮೈಕ್‌ಸೆಟ್ಟಿನವನಿಂದ ಒಂದನ್ನು ಕಡ ತಂದು ಆ ಪೆಟ್ಟಿಗೆಗೇ ತಂತಿ ಜೋಡಿಸಿದರು. ಭೋಂಗಾದ ಬಾಯಿ ಮಾವನ ಮುಖಕ್ಕೆ. ನಾನು ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಹೋದೆ. ತಂತಿ ಮಿಡಿದರು ನೋಡಿ, ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ಹಿಂದಿನ ಮನೆಯ ಗೌರಕ್ಕ ಬೆಂಕಿ ಬಿದ್ದಿತೇನೋ ಎಂದು ಕೊಡ ಹಿಡಿದು ಬಂದಳು. ಒಳಗೆ ಮಾವ ಕಿವಿ ಮುಚ್ಚಿಕೊಂಡು ಕೂತಿದ್ದರು.

“ಕೇಳಿಸ್ತೇನ್ ಯಪ್ಪಾ?”

“ಕಿವ್ಯಾಗ ಬೆಣಚುಕಲ್ಲು ಸುರವಿದಂಗ ಆತು. ಸ್ವರಾ ಎಲ್ಲೈತಿ ಅದರಾಗ?” ಎಂದು ಎದ್ದು ಹಿತ್ತಲಿಗೆ ಹೋದರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಳೆ ಒಂದಿಷ್ಟು ಬಿದ್ದಿತ್ತು, ಎಲ್ಲರೂ ತೊಗರಿ ಬಿತ್ತುವ ಗಡಿಬಿಡಿಯಲ್ಲಿದ್ದರು. ನನ್ನ ಬಲಗೈಯ ರಟ್ಟೆ ಬಾತಿತ್ತು. ಅಂದು ಬೆಳಗಿನ ಜಾವ ಬೀಸುತ್ತ ಬೀಸುತ್ತ ಕೈ ಸೋತು ಕಲ್ಲು ನಿಲ್ಲಿಸಿದೆ. ಪಡಸಾಲೆಯ ಆ ತುದಿಯಲ್ಲಿ ಮಾವ ನೆಲಕ್ಕೆ ಬೆನ್ನು ಹಚ್ಚಿ ಮಲಗಿ ದಿನದಂತೆ ಗುನುಗುತ್ತಿದ್ದರು. ನಾನು ನಿಲ್ಲಿಸಿದೆ, ಗುನುಗುವುದು ನಿಂತಿತು. ಎಚ್ಚರಾಯಿತೇನೋ ಎಂದು ನೋಡಿದೆ, ಕಣ್ಣು ಮುಚ್ಚಿಯೇ ಇತ್ತು. ಮತ್ತೆ ಬೀಸಿದೆ, ಮತ್ತೆ ಗುನುಗು. ಜೋಳದ ಹಿಡಿ ಹಾಕದೆ ಬರೀ ಕಲ್ಲು ತಿರುವಿದೆ. ಕಲ್ಲಿನ ದನಿ ಒಂದಿಷ್ಟು ಏರಿತು. ಮಾವನ ದನಿಯೂ ಅಲ್ಲಿಗೇ ಏರಿತು.

ನಾನು ಕಲ್ಲಿನ ಗೂಟ ಬಿಟ್ಟು ಎದ್ದೆ. ನನಗೆ ಬಂದದ್ದು ಸಿಟ್ಟು. ಚಾ ಕೊಡುವಾಗ ಮಾವನ ಮುಂದೆ ಕೂತು, ಬೀಸುವಂತೆ ಕೈ ತಿರುವಿ ತೋರಿಸಿ, ಅವರ ಎದೆಯ ಕಡೆ ಬೆರಳು ಮಾಡಿದೆ. ಅವರಿಗೆ ತಿಳಿಯಿತು. ಬಹಳ ಹೊತ್ತು ಬಸಿಯಲ್ಲಿನ ಚಾ ಊದಿದರು.

“ನಿನ್ನ ಕಲ್ಲಿನ ದನಿ ನೆಲದಾಗಿಂದ ಬರ್ತೈತಿ. ಬೆನ್ನಿಗೆ ತಿಳೀತೈತಿ” ಎಂದರು. “ಅದೊಂದ ಉಳದೈತಿ ನನಗ. ಗಿರಣಿಗೆ ಹಾಕಿದ್ರ ಅದೂ ಹೋಗ್ತೈತಿ.”

“ಇದನ್ನ ಮೊದಲ ಹೇಳಾಕ ಏನಾಗಿತ್ರಿ? ಇಷ್ಟು ವರ್ಷ ನನ್ನ ರಟ್ಟಿ ಮುರದ್ವಲ್ಲ!” ಎಂದು ಕೂಗಿದೆ. ಅವರಿಗೆ ಕೇಳಲಿಲ್ಲ. ನಮ್ಮವರಿಗೆ ಕೇಳಿತು. ಕೈಯಲ್ಲಿನ ರೊಟ್ಟಿ ಹಾಗೇ ಹಿಡಿದು ಕೂತುಬಿಟ್ಟರು.

“ಜೋರು ದನಿ ಬೇಕಾಗಿಲ್ಲ ಹಂಗಾದ್ರ” ಎಂದರು. “ದಪ್ಪ ದನಿ ಬೇಕು.”

ಮಾವನಿಗೆ ಮಠದ ಜಾಗ ಹೋಗಬಾರದಿತ್ತು. ಮಗನಿಗೆ ಅಪ್ಪ ತನ್ನ ವಾದ್ಯವನ್ನು ಒಮ್ಮೆಯಾದರೂ ಕೇಳಬೇಕಿತ್ತು. ನನಗೆ ಗಿರಣಿ ಹಿಟ್ಟು ಬೇಕಿತ್ತು. ಮೂವರ ಕೆಲಸವೂ ಒಂದು ಸ್ಪೀಕರಿನಲ್ಲಿ ಬಂದು ನಿಂತಿತು. ಶ್ರಾವಣ ದೂರವಿರಲಿಲ್ಲ.

ಇಂಡಿಯ ಸಂತೆಯ ದಿನ ನಾನೂ ಜೊತೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ದಸ್ತಗೀರನ ರೇಡಿಯೋ ರಿಪೇರಿ ಅಂಗಡಿ. ನಮ್ಮವರ ಸಾಲಿಯ ಗೆಳೆಯ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ನಮ್ಮವರು ಬಾಯಿ ತೆರೆಯುವ ಮೊದಲು ನಾನೇ ಕೇಳಿದೆ:

“ದಸ್ತಗೀರಣ್ಣಾ, ಬೀಸುಕಲ್ಲಿನಂಗ ಗುಂಯ್ ಅನ್ನೋ ಸ್ಪೀಕರ್ ಐತೇನು?”

ಅವನು ಕನ್ನಡಕ ಹಣೆಗೆ ಏರಿಸಿದ. “ವೈನಿ, ಎಲ್ಲಾರೂ ಕೋಗಿಲಿ ದನಿ ಮಾಡಿಕೊಡು ಅಂತ ಬರ್ತಾರ. ಕಲ್ಲಿನ ದನಿ ಕೇಳಾಕ ಬಂದವ್ರು ನೀವ ಮೊದಲು.”

ನಮ್ಮವರು ಎಲ್ಲ ಬಿಡಿಸಿ ಹೇಳಿದರು. ದಸ್ತಗೀರ ನಗುವುದು ಬಿಟ್ಟು ಅಟ್ಟದ ಮೇಲಿಂದ ಗೋಣಿಚೀಲದಲ್ಲಿ ಸುತ್ತಿದ ಒಂದು ಸ್ಪೀಕರು ಇಳಿಸಿದ. ಯಾರದೋ ಮನೆಯ ಕೆಟ್ಟ ರೇಡಿಯೋಗ್ರಾಮಿನಿಂದ, ಅಂದರೆ ಹಾಡಿನ ತಟ್ಟೆಯನ್ನೂ ಹಾಕುವ ದೊಡ್ಡ ರೇಡಿಯೋದಿಂದ, ಬಿಚ್ಚಿಟ್ಟದ್ದು. ತಾಟಿನಷ್ಟು ಅಗಲ, ಹಿಂದೆ ಕಲ್ಲುಗುಂಡಿನಂಥ ಅಯಸ್ಕಾಂತ. ಕಾಗದವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ತೋರಿಸಿದ. ಉಸಿರಾಡುವ ಹೊಟ್ಟೆಯ ಹಾಗೆ ಒಳಗೆ ಹೋಗಿ ಹೊರಗೆ ಬಂತು.

“ದಪ್ಪ ದನಿ ಬರಬೇಕಂದ್ರ ಕಾಗದ ಹಿಂಗ ಹಿಂದ ಮುಂದ ಆಡಬೇಕು. ನಿಮ್ಮ ಸಣ್ಣದರಾಗ ಆಡಾಕ ಜಾಗಾನ ಇರಲಿಲ್ಲ.”

“ಇಷ್ಟು ದೊಡ್ಡದನ್ನ ನಮ್ಮ ಸಣ್ಣ ಮಷೀನ್ ಎಳೀತೈತೇನೋ?” ನಮ್ಮವರ ಸಂಶಯ.

“ಎತ್ತು ಅದ, ಗಾಡಿ ಬ್ಯಾರೆ. ನೊಗಾ ಕೂಡಿದ್ರ ಎಳೀತೈತಿ. ಕೂಡಲಿಲ್ಲಂದ್ರ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕೂಡ್ತೈತಿ.” ಮುಳ್ಳು ಆಡುವ ಮೀಟರು ಹಚ್ಚಿ ಇದನ್ನೂ ನೋಡಿದ, ನಾವು ತಂದಿದ್ದ ಹಳೆಯ ಸ್ಪೀಕರಿನ ಅಸ್ಥಿಯನ್ನೂ ನೋಡಿದ. “ಜೋಡಿ ಕೂಡ್ತಾವು” ಎಂದ. ಆಮೇಲೆ ಹಳೆಯ ಕಬ್ಬಿಣದ ಬಳೆ ಎತ್ತಿ ಹಿಡಿದು, “ಇದನ್ನ ಯಾರು ತಿಂದ್ರು?” ಎಂದ. ನಾನು ನಮ್ಮವರ ಕಡೆ ನೋಡಿದೆ. ಅವರು ಸಂತೆಯ ಕಡೆ ನೋಡಿದರು.

ಎರಡು ದಿನ ಬಿಟ್ಟು ದಸ್ತಗೀರ ಸೈಕಲ್ ಹತ್ತಿ ನಮ್ಮ ಮನೆಗೆ ಬಂದ. ಸ್ಪೀಕರಿನ ಬಾಯಿ ಅಳೆದುಕೊಂಡಿದ್ದ, ಹಿಂದಿನ ಗುಂಡನ್ನು ಅಳೆದಿರಲಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಲು ಹೋದರೆ ವಾಲ್ವುಗಳ ತಲೆಗೆ ತಾಗುತ್ತಿತ್ತು. ಇಬ್ಬರೂ ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತ ಅರ್ಧ ದಿನ ಕಳೆದರು. ದೊಡ್ಡ ಪೆಟ್ಟಿಗೆ ಮಾಡಿಸಲು ಬಡಿಗನ ಹತ್ತಿರ ಹೋದರೆ ಬಿತ್ತಿಗೆಯ ದಿನ, ಅವನಿಗೆ ಕುಂಟೆ ಕೂರಿಗೆ ರಿಪೇರಿ ಮುಗಿದಿರಲಿಲ್ಲ.

ನನ್ನ ಮದುವೆಯಲ್ಲಿ ತವರಿನವರು ದೇವರ ಹಿಪ್ಪರಗಿಯಿಂದ ಒಂದು ಬೇವಿನ ಪೆಟ್ಟಿಗೆ ಕೊಟ್ಟಿದ್ದರು. ಅದನ್ನು ಎಳೆದುಕೊಂಡು ಬಂದು ಅವರ ಮುಂದೆ ಇಟ್ಟೆ.

“ಇದಕ್ಕ ಹಾಕ್ರಿ.”

“ನಿನ್ನ ತವರಮನಿ ಪೆಟಗಿ ಅದು” ಎಂದರು ನಮ್ಮವರು.

“ಗೊತ್ತೈತ್ರಿ. ಒಳಗ ನಾಕು ಸೀರಿ ಅದಾವು. ಹಗ್ಗದ ಮ್ಯಾಲೆ ಹಾಕಿದ್ರ ಅವೇನು ಅಳಾಂಗಿಲ್ಲ.”

ದಸ್ತಗೀರ ಪೆಟ್ಟಿಗೆಯನ್ನು ಗೆಣ್ಣಿನಿಂದ ಬಡಿದು ನೋಡಿದ. ಹಲಗೆ ದಪ್ಪಗಿತ್ತು. ಮುಂಬದಿಗೆ ಗುಂಡಗೆ ಗೆರೆ ಎಳೆದು ಗರಗಸದಿಂದ ಕೊರೆದ. ಸ್ಪೀಕರನ್ನು ಒಳಗಿನಿಂದ ನಟ್ಟು ಬೋಲ್ಟು ಹಾಕಿ ಬಿಗಿದ. “ಈ ಸಲ ಅಂಟು ಬ್ಯಾಡ ನೋಡಪಾ” ಎಂದು ನಮ್ಮವರಿಗೆ ಹೇಳಿದ. ಇಲಿಯ ಕಾಟಕ್ಕೆ ನಾನು ನನ್ನ ಹಳೆಯ ಸಾಣಿಗೆಯ ಜಾಳಿಗೆ ಬಿಚ್ಚಿ ಕೊಟ್ಟೆ. ಹಿಟ್ಟು ಸೋಸುವ ಕೆಲಸ ಮುಗಿಯುತ್ತದೆಂಬ ಧೈರ್ಯದ ಮೇಲೆ ಕೊಟ್ಟದ್ದು. ವಾಲ್ವುಗಳ ಮಷೀನನ್ನು ಪೆಟ್ಟಿಗೆಯ ಒಂದು ಮಗ್ಗುಲಿಗೆ ಕೂರಿಸಿದರು. ಅದು ಕಾಯುವುದರಿಂದ ಮುಚ್ಚಳ ತೆಗೆದೇ ಇರಬೇಕೆಂದು ದಸ್ತಗೀರ ತಾಕೀತು ಮಾಡಿದ.

ಅದನ್ನು ಮೇಜಿನ ಮೇಲೆ ಇಡಲು ಹೊರಟರು. ನೆಲಕ್ಕೆ ಇಡಿ ಎಂದೆ. ಬೀಸುಕಲ್ಲಿನ ಪಕ್ಕ ಹಾಸುಗಲ್ಲಿನ ಮೇಲೆ ಇಟ್ಟರು. ಮಾವ ಬೆಳಗಿನಿಂದ ಎಲ್ಲ ನೋಡುತ್ತಲೇ ಇದ್ದರು. ನಾನು ಕೈಹಿಡಿದು ಎಬ್ಬಿಸಿ ತಂದು ಪೆಟ್ಟಿಗೆಗೆ ಬೆನ್ನು ಹಚ್ಚಿ ಕೂರಿಸಿದೆ. ನಮ್ಮವರು ಗುಂಡಿ ತಿರುವಿ ತಂತಿಯ ಮೇಲೆ ಬೆರಳಿಟ್ಟರು.

“ಏನೂ ಇಲ್ಲ” ಎಂದರು ಮಾವ.

“ಇನ್ನಾ ಕಾದಿಲ್ಲ ಯಪ್ಪಾ, ತಡೀ.” ಕೈಸನ್ನೆಯನ್ನೂ ಮಾಡಿದರು.

“ಕಾಯಾಕ ಅದೇನು ರೊಟ್ಟಿ ಹಂಚೇನು?”

ವಾಲ್ವುಗಳು ಕೆಂಪಗಾದವು. ಕಾದ ಧೂಳಿನ ವಾಸನೆ ಬಂತು. ಮೊನ್ನೆ ಉಳ್ಳಾಗಡ್ಡಿಯ ಹಿಂದೆ ಬಂದದ್ದು ಅದೇ. ನಮ್ಮವರು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೆಲ್ಲಗೆ ಮಿಡಿದರು. ಜೋರಾಗಿ ಅಲ್ಲ. ಬಾಗಿಲಾಚೆಗೆ ನಿಂತವರಿಗೆ ಕೇಳುತ್ತಿತ್ತೋ ಇಲ್ಲವೋ. ಆದರೆ ನನ್ನ ಕಾಲಡಿಯ ಹಾಸುಗಲ್ಲು ಗುಂಯ್ ಎಂದಿತು. ಕಲ್ಲಿನ ಮೇಲೆ ಉಳಿದಿದ್ದ ಒಂದಿಷ್ಟು ನುಚ್ಚು ಅಲುಗಾಡಿತು.

ಮಾವ ಅಲುಗಲಿಲ್ಲ. ಒಂದು ಅಂಗೈಯನ್ನು ಹಿಂದೆ ತಂದು ಹಲಗೆಯ ಮೇಲೆ ಇಟ್ಟರು. ಇನ್ನೊಮ್ಮೆ ಮಿಡಿಯಲು ಬೆರಳು ಆಡಿಸಿದರು. ಇವರು ಮಿಡಿದರು. ಮತ್ತೆ ಮಿಡಿದರು.

“ಇಳದೈತಿ” ಎಂದರು ಮಾವ. “ಬಿಗಿ ಮಾಡು.”

ಭೋಂಗಾಕ್ಕೆ ಬೈದದ್ದು ಬಿಟ್ಟರೆ, ಮಗನ ವಾದ್ಯದ ಬಗ್ಗೆ ಅಷ್ಟು ವರ್ಷಗಳಲ್ಲಿ ಮಾವ ಆಡಿದ ಎರಡನೆಯ ಮಾತು ಅದು. ನಮ್ಮವರು ಗಿಟಾರಿನ ಕಿವಿ ತಿರುವಿ ತಂತಿ ಬಿಗಿ ಮಾಡಿದರು. “ಇನ್ನಟು... ಇನ್ನಟು... ಹ್ಞಾಂ, ಸಾಕು, ಸಾಕಂದ್ನಿ!” ಎಂದು ಗದರಿ ಮಾವ ಗಂಟಲು ಬಿಟ್ಟರು. ದನಿಯೂ ತಂತಿಯೂ ಒಂದೇ ಕಡೆ ಹೋಗಿ ಕೂತವು. ನನಗೂ ತಿಳಿಯಿತು, ಅಂದಮೇಲೆ ಯಾರಿಗಾದರೂ ತಿಳಿಯುತ್ತಿತ್ತು. ದಸ್ತಗೀರ ಸ್ಕ್ರೂಡ್ರೈವರು ಕಿಸೆಗೆ ಹಾಕಿಕೊಂಡು, “ವೈನಿ, ಇನ್ನ ಚಾ ಮಾಡ್ರಿ” ಎಂದ.

ಪಂಚಮಿಯ ಉಂಡಿ ಕಟ್ಟುವ ದಿನಗಳಲ್ಲಿ ಸಂಜೆ ಸಂಜೆ ಅಪ್ಪ ಮಗ ಪೆಟ್ಟಿಗೆಯ ಮುಂದೆ ಕೂತರು. ಮಾತು ಹೆಚ್ಚೇನೂ ಇಲ್ಲ. “ಹ್ಞಾಂ”, “ಉಹುಂ”, ಅಷ್ಟೇ. ನಮ್ಮವರು ಪೆಟ್ಟಿಗೆಯನ್ನು ಮಠಕ್ಕೇ ಹೊತ್ತೊಯ್ಯೋಣ ಎಂದರು. ಮಾವ ಒಪ್ಪಲಿಲ್ಲ.

“ಅಲ್ಲಿ ಇದನ್ನ ಬೆನ್ನಿಗೆ ಕಟಗೊಂಡು ಕುಂತ್ರ ಪದಾ ಯಾರೂ ಕೇಳಾಂಗಿಲ್ಲ. ಪೆಟಗಿ ನೋಡ್ತಾರ. ಇಲ್ಲಿಂದ ತಗೊಂಡು ಹೋಗ್ತೇನಿ.”

ಏನನ್ನು ತೆಗೆದುಕೊಂಡು ಹೋಗುತ್ತಾರೆ ಎಂದು ನನಗೆ ಸೋಮವಾರ ಸಂಜೆ ತಿಳಿಯಿತು. ಜಿಟಿಜಿಟಿ ಮಳೆ. ಮಾವ ಜಳಕ ಮಾಡಿ ಇಬತ್ತಿ ಹಚ್ಚಿಕೊಂಡು ಪೆಟ್ಟಿಗೆಗೆ ಬೆನ್ನು ಹಚ್ಚಿ ಕೂತರು. ನಮ್ಮವರು ದಪ್ಪ ತಂತಿ ಮಿಡಿಯುತ್ತಲೇ ಇದ್ದರು. ಮಾವ ಆ ಸ್ವರ ಹಿಡಿದು, ಬಾಯಿ ಮುಚ್ಚಿ ಗುನುಗುತ್ತ ಹಾಗೇ ಎದ್ದು ನಿಂತರು. ನನ್ನ ಕಡೆ ನೋಡಿ ಮುಂದೆ ನಡೆಯಲು ಕೈ ಮಾಡಿದರು. ಮಠ ಮುಟ್ಟುವ ತನಕ ಯಾರೂ ಅವರನ್ನು ಮಾತಾಡಿಸಬಾರದು, ಅದೇ ನನ್ನ ಕೆಲಸ. ಮಾತಿಗೆ ಬಾಯಿ ತೆರೆದರೆ ಸ್ವರ ಹೋಯಿತು, ಮತ್ತೆ ಹಿಡಿಯಲು ದಾರಿಯಲ್ಲಿ ಪೆಟ್ಟಿಗೆ ಎಲ್ಲಿಂದ ತರುವುದು?

ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ನಾನು ಮುಂದೆ, ಕೊಡೆ ಹಿಡಿದು ಮಾವ ಹಿಂದೆ. ವರ್ಷದ ಮೇಲೆ ಮನೆಯಿಂದ ಹೊರಬಿದ್ದವರನ್ನು ಊರು ಬಿಡುತ್ತದೆಯೇ? ಕಟ್ಟೆಯ ಮೇಲಿನವರು “ಬರ್ರಿ ಬರ್ರಿ” ಎಂದು ಏಳುತ್ತಿದ್ದರು. ನಾನು ಕೈ ಅಡ್ಡ ಹಿಡಿದು ನಡೆದೆ. ಮಾವ ಯಾರಿಗೂ ಉತ್ತರ ಕೊಡಲಿಲ್ಲ, ಮೂಗಿನಲ್ಲಿ ಒಂದೇ ಸಮ ಗುಂಯ್. ಮಲ್ಲಪ್ಪನಿಗೆ ಸೊಕ್ಕು ಬಂದಿದೆ ಎಂದು ಒಬ್ಬ ಅಂದದ್ದು ನನಗೆ ಕೇಳಿತು. ಮಠ ಕಾಣುತ್ತಿದ್ದಂತೆ ಗೌರಕ್ಕ ಮಠದ ಬಾಗಿಲಿನಿಂದ ಹಾರಿ ಬಂದು ಮಾವನ ಎದುರಿಗೇ ನಿಂತಳು.

“ಕಾಕಾ! ಅರಾಮದೀರೇನ್ರಿ? ಎಷ್ಟು ದಿನಾ ಆತು...”

ಮಾವನ ತುಟಿ ಅಲುಗಿತು. ನಾನು ನಡುವೆ ನುಗ್ಗಿದೆ.

“ಮಾತಾಡಿಸಬ್ಯಾಡ ಗೌರಕ್ಕಾ, ಸ್ವರಾ ಚೆಲ್ತೈತಿ!”

“ಯವ್ವಾ! ಸ್ವರಾ ಏನು ಕೊಡದಾಗ ತುಂಬಿ ಒಯ್ಯಾಕತ್ತಾರೇನು?”

“ಹೌದು. ಹಾದಿ ಬಿಡು.”

ಅವಳು ಬಾಯಿ ತೆರೆದುಕೊಂಡು ಸರಿದಳು. ಆಮೇಲೆ ಬಹಳ ದಿನ ನನ್ನ ಸಂಗಡ ಮಾತು ಬಿಟ್ಟಿದ್ದಳು. ಅದರಿಂದ ನನಗೇನೂ ತೊಂದರೆಯಾಗಲಿಲ್ಲ.

ಮಠದೊಳಗೆ ಎಲ್ಲರೂ ಕೂತಿದ್ದರು. ಶಿವಲಿಂಗ ತಾಳ ಹಿಡಿದು ಮುಂದೆ ಸರಿದಿದ್ದ, ಮಾವನನ್ನು ಕಂಡು ಹಿಂದೆ ಸರಿದ. ಮಾವ ಕೂರುವ ಮೊದಲೇ, ನಿಂತಲ್ಲೇ, ಗುನುಗನ್ನು ಬಾಯಿಗೆ ತಂದು ಪದ ಎತ್ತಿಬಿಟ್ಟರು. ಆಮೇಲೆ ಹಾಡುತ್ತಲೇ ಕೂತರು. ಚನ್ನಬಸಪ್ಪ ಗಡಬಡಿಸಿ ಬಾತಿ ತೆರೆದು ಬೆರಳಿಟ್ಟರು. ನಾನು ಹೆಂಗಸರ ಸಾಲಿನಿಂದ ಆ ಬೆರಳನ್ನೇ ನೋಡುತ್ತಿದ್ದೆ. ಮಾವನೂ ಅದನ್ನೇ ನೋಡುತ್ತಿದ್ದರು. ಹೋದ ವರ್ಷ ಓಡಾಡಿ ಸೋತ ಬೆರಳು ಇಟ್ಟ ಮನೆಯಲ್ಲೇ ಕೂತಿತ್ತು, ಆ ಕಡೆ ಈ ಕಡೆ ಆಡಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಪದ ಮುಗಿಯುವವರೆಗೆ ಹುಡುಕಾಟ ಕಾಣಲಿಲ್ಲ. ಪೋರರು ನಗಲಿಲ್ಲ.

ಪೆಟ್ಟಿಗೆ ಆರಿಸಿ ಬಂದ ನಮ್ಮವರು ಬಾಗಿಲಲ್ಲಿ ಚಪ್ಪಲಿಗಳ ಹತ್ತಿರ ನಿಂತಿದ್ದರು. ಮೊದಲ ಪದ ಮುಗಿದ ಮೇಲೆ ಮಾವ ಶಿವಲಿಂಗನಿಗೆ, “ಇನ್ನ ನೀ ಎತ್ತು” ಎಂದರು. ಮಗನಿಗೆ ತಮ್ಮ ಹಿಂದಿನ ಜಾಗ ತೋರಿಸಿ ಕೂರಲು ಕೈ ಮಾಡಿದರು. ಅವರು ಬಂದು ಕೂತರು.

ಮನೆಗೆ ಬಂದ ಮೇಲೆ ಹೊಗಳಿಕೆ, ಕಣ್ಣೀರು ಅಂಥದ್ದೇನೂ ಆಗಲಿಲ್ಲ. ಮಾವ ತಲೆ ಒರೆಸಿಕೊಂಡು ಚಾ ಕೇಳಿದರು. ಬಸಿ ಕೆಳಗಿಟ್ಟು, “ನಾಳಿ ಜೋಳಾ ಗಿರಣಿಗೆ ಒಯ್ಯಿ” ಎಂದರು. ನಾನು ಮರುದಿನದವರೆಗೆ ತಡೆಯಲಿಲ್ಲ, ಆಗಲೇ ಹಸನು ಮಾಡಿ ಬುಟ್ಟಿ ತುಂಬಿಟ್ಟೆ. ಗಿರಣಿ ಹಿಟ್ಟಿನ ಮೊದಲ ರೊಟ್ಟಿ ತಿಂದು ಮಾವ, ಹಿಟ್ಟು ಸುಟ್ಟಿದೆ ಎಂದರು. ಎಂದು, ಇನ್ನೊಂದು ಹಾಕಿಸಿಕೊಂಡರು.

ಆಮೇಲೂ ಕೆಲವು ಶ್ರಾವಣ ಅವರೇ ಎತ್ತಿದರು, ನಾನೇ ಹಾದಿ ಬಿಡಿಸಿದೆ. ಮಾವ ಹೋದರು. ವಾಲ್ವುಗಳು ಒಂದೊಂದಾಗಿ ಆರಿದವು, ಹೊಸವು ಸಿಗಲಿಲ್ಲ. ಸ್ಪೀಕರನ್ನು ದಸ್ತಗೀರ ಬೇರೆ ಯಾರದೋ ರೇಡಿಯೋಗೆ ಒಯ್ದ. ನಮ್ಮವರೂ ಹೋಗಿ ವರ್ಷಗಳಾದವು. ಗಿಟಾರು ಅಟ್ಟದ ಮೇಲಿದೆ, ತಂತಿ ಇಲ್ಲ. ಪೆಟ್ಟಿಗೆ ನನ್ನದೇ ಆಗಿತ್ತು, ತಿರುಗಿ ನನಗೇ ಬಂತು. ಕೊಳೆತ ಉಳ್ಳಾಗಡ್ಡಿ ಮೊನ್ನೆ ಸಿಕ್ಕಿತು, ತೆಗೆದು ಎಸೆದೆ.

ಆದರೆ ಆ ಸೋಮವಾರದ ಮರುದಿನದ್ದು ಒಂದು ಹೇಳಬೇಕು. ಬೆಳಗಿನ ಜಾವ ಬೀಸುವ ಹೊತ್ತಿಗೆ ರೂಢಿಯಂತೆ ನನಗೆ ಎಚ್ಚರವಾಯಿತು. ಕಲ್ಲು ಸುಮ್ಮನಿತ್ತು. ಪಡಸಾಲೆಯ ಆ ತುದಿಯಿಂದ ಮಾವ ಹಿಮ್ಮಡಿಯಿಂದ ನೆಲ ಗುದ್ದಿದರು. ಮತ್ತೆ ಗುದ್ದಿದರು.

“ಏಳೋ! ಬೆಳಗಾತು, ತಂತಿ ಮಿಡಿ!”

ನಮ್ಮವರು ಗೊಣಗುತ್ತ ಎದ್ದರು. ಕತ್ತಲಲ್ಲಿ ತಡಕಾಡಿ ಗುಂಡಿ ತಿರುವಿದರು, ವಾಲ್ವು ಕಾಯಲಿ ಎಂದು ಆಕಳಿಸುತ್ತ ಬೀಸುಕಲ್ಲಿನ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಗುಂಯ್ ಎಂದು ಶುರುವಾಯಿತು, ಮಾವ ಗುನುಗತೊಡಗಿದರು. ನೆಲದಿಂದ ಅದು ನನ್ನ ಬೆನ್ನಿಗೂ ಬಂತು. ಮಗ್ಗಲು ಬದಲಿಸಿ ಚಾದರ ಎಳೆದುಕೊಂಡೆ. ಏಳಲಿಲ್ಲ.